ತಲಿ ಮ್ಯಾಲೆ ಎರಡು ಬಾರ್

ನಮ್ಮ ಓಣಿಯ ಹುಡುಗನೊಬ್ಬ ಕಾನೂನು ಓದಿ ಮುಗಿಸಿ, ‘ಬಾರ್ ಎಕ್ಸಾಮ್ ಪಾಸಾದೆ’ ಅಂತ ಮನೆಮನೆಗೆ ಪೇಡೆ ಹಂಚಿದ. ನಮ್ಮ ದೊಡ್ಡವ್ವ ಪೇಡೆಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು: “ಅದಕ್ಕೂ ಪರೀಕ್ಷಾ ಇಟ್ಟಾರೇನೋ ಯಪ್ಪಾ? ನಿಮ್ಮ ಕಾಕಾ ಯಾವ ಪರೀಕ್ಷಾನೂ ಬರೀಲಾರದ ದಿನಾ ಹೋಗಿ ಬರತಾನಲ್ಲ!” ಹುಡುಗ ವಕೀಲಿಗೆ ಹೊರಟವನೇ, ಆದರೂ ಈ ವಾದಕ್ಕೆ ಅವನ ಹತ್ತಿರ ಪ್ರತಿವಾದ ಇರಲಿಲ್ಲ.

ದೊಡ್ಡವ್ವನದೇನೂ ತಪ್ಪಿಲ್ಲ. ಲಕ್ಷ್ಮೇಶ್ವರದಿಂದ ಗದಗಿಗೆ ಬಸ್ಸು ಹತ್ತಿದರೆ ಕಿಟಕಿಯಲ್ಲಿ ಕಾಣುವ ಬಾರ್‌ಗೆಲ್ಲ ‘ಅಂಡ್ ರೆಸ್ಟೋರೆಂಟ್’ ಎಂಬ ಬಾಲ ಇದ್ದೇ ಇರುತ್ತದೆ. ಅಬಕಾರಿ ಇಲಾಖೆಯ ಲೆಕ್ಕದಲ್ಲಿ ಅದು ಸಿಎಲ್-9. ‘ಊಟಕ್ಕ ಹೋಗಿದ್ದೆ’ ಅಂತ ಮನೆಯಲ್ಲಿ ಹೇಳಿಕೊಳ್ಳಲು ಆ ಬಾಲ ಬೇಕು. ನಿಜವಾಗಿ ಊಟ ಬೇಕಾದವರು ಬೆಟಗೇರಿ ಕಡೆ ಸಾವಜಿ ಖಾನಾವಳಿ ಹುಡುಕುತ್ತಾರೆ, ಆ ಮಾತು ಬೇರೆ.

ಇಂಗ್ಲಿಷರಿಗೆ ಬಾರ್ ಎಂದರೆ ಮೂಲದಲ್ಲಿ ಒಂದು ಅಡ್ಡಗೋಲು, ಅಷ್ಟೇ. ಹೆಂಡದಂಗಡಿಯಲ್ಲಿ ಕೊಡುವವನಿಗೂ ಕುಡಿಯುವವನಿಗೂ ನಡುವೆ ಹಾಕಿದ್ದು ಒಂದು ಅಡ್ಡಹಲಗೆ. ನ್ಯಾಯಾಲಯದಲ್ಲಿ ನ್ಯಾಯಾಧೀಶರಿಗೂ ಮಿಕ್ಕವರಿಗೂ ನಡುವೆ ಹಾಕಿದ್ದೂ ಅದೇ ಜಾತಿಯ ಕಟಕಟೆ. ಎರಡೂ ಕಡೆ ಅದಕ್ಕೆ ಆತು ನಿಂತು ಮಾತಾಡುವ ಪದ್ಧತಿ ಬೆಳೆಯಿತು. ಎರಡೂ ಕಡೆ ಕೊನೆಗೆ ಬಿಲ್ಲು ತೆರುವವನು ಹೊರಗಿನಿಂದ ಬಂದವನೇ. ಲಂಡನ್ನಿನಲ್ಲಿ ವಕೀಲಿ ಕಲಿಸುವ ಸಂಸ್ಥೆಗಳಿಗೆ ‘ಇನ್’ ಎಂದು ಹೆಸರು. ಹಳೆಯ ಇಂಗ್ಲೆಂಡಿನಲ್ಲಿ ದಾರಿಹೋಕರಿಗೆ ಬಿಯರು, ಹಾಸಿಗೆ ಕೊಡುತ್ತಿದ್ದ ವಸತಿಗೃಹಕ್ಕೂ ‘ಇನ್’ ಎಂದೇ ಹೆಸರು.

ಮೋಹನದಾಸ ಗಾಂಧಿ ಓದಿದ್ದು ಅಂಥದೊಂದು ಇನ್ನಿನಲ್ಲೇ. ಬ್ಯಾರಿಸ್ಟರ್ ಆಗಲು ಆಗ ಪರೀಕ್ಷೆಯ ಜೊತೆಗೆ ಅಲ್ಲಿ ಇಷ್ಟೆಂದು ಊಟ ಮಾಡುವುದೂ ಕಡ್ಡಾಯವಾಗಿತ್ತು. ನಾಲ್ವರ ಪಂಕ್ತಿಗೆ ಎರಡು ಬಾಟಲಿ ವೈನು. ಈ ಹುಡುಗ ಮುಟ್ಟುವುದಿಲ್ಲವೆಂದು ಗೊತ್ತಾದ ಮೇಲೆ ಎಲ್ಲ ಪಂಕ್ತಿಯವರೂ ‘ನಮ್ಮ ಕಡೆ ಬಾ’ ಎಂದು ಎಳೆಯುತ್ತಿದ್ದರಂತೆ. ಎರಡು ಬಾಟಲಿ ಮೂವರಿಗೇ ಉಳಿಯುತ್ತಿತ್ತಲ್ಲ! ಆತ್ಮಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ. 1891ರ ಜೂನ್ 10ರಂದು ಅವರಿಗೆ ಸನ್ನದು ಸಿಕ್ಕಿತು. ಇಂಗ್ಲಿಷಿನಲ್ಲಿ ಇದನ್ನು ಹೇಳುವ ರೀತಿಯನ್ನೇ ಕನ್ನಡಕ್ಕೆ ಇಳಿಸಿ ‘ಗಾಂಧೀಜಿಯವರನ್ನು ಬಾರ್‌ಗೆ ಕರೆದರು’ ಎಂದರೆ, ಪಾನನಿರೋಧ ಸಮಿತಿಯವರು ಮನೆ ಮುಂದೆ ಧರಣಿ ಕೂರುತ್ತಾರೆ.

ನಮ್ಮ ಗದಗಿನ ಬಾರ್ ಕೂಡ ಬರಿಗೈಲಿ ಕುಳಿತದ್ದಲ್ಲ. ಇಲ್ಲಿ ವಕೀಲಿ ಮಾಡುತ್ತಿದ್ದ ಹುಯಿಲಗೋಳ ನಾರಾಯಣರಾಯರು ಬರೆದ ಏಕೀಕರಣದ ಹಾಡು 1924ರಲ್ಲಿ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಮೊಳಗಿತು. ಅಧ್ಯಕ್ಷತೆ ಗಾಂಧೀಜಿಯವರದು. ಬರೆದವರು ಬಾರ್‌ನವರು, ಕುಳಿತು ಕೇಳಿದವರು ಹಿಂದೊಮ್ಮೆ ಬಾರ್‌ನವರು. ಅದನ್ನು ಇಡೀ ಕನ್ನಡನಾಡು ಹಾಡಿಕೊಂಡಿತು. ಬೇರೆ ಬಾರ್‌ನಿಂದಲೂ ರಾತ್ರಿ ಹಾಡು ಹೊರಡುತ್ತವೆ, ಓಣಿ ದಾಟುವುದಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಬಾರ್ ಹಾರಿಕೊಂಡು ಬರುತ್ತದೆ. ಕೆಂಪೇಗೌಡರ ಮಾಗಡಿಯಲ್ಲ, ನಮ್ಮ ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಹೊಲಕ್ಕೆ ನೀರಿರಲಿ ಎಂದು ಕಟ್ಟಿದ 134 ಎಕರೆಯ ಕೆರೆ, 2024ರ ಜನವರಿಯಲ್ಲಿ ಜಗತ್ತಿನ ಮುಖ್ಯ ಜೌಗುನೆಲೆಗಳ ರಾಮ್ಸಾರ್ ಪಟ್ಟಿಗೆ ಏರಿತು. ಏರಿಸಿದ್ದು ಮುಖ್ಯವಾಗಿ ‘ಬಾರ್ ಹೆಡೆಡ್ ಗೂಸ್’, ಅಂದರೆ ಪಟ್ಟೆತಲೆ ಹೆಬ್ಬಾತು. ಮಂಗೋಲಿಯ, ಟಿಬೆಟ್ ಕಡೆಯಿಂದ 8,000ದಷ್ಟು ಬರುತ್ತವೆ. ದುರ್ಬೀನು ಹಿಡಿದರೆ ಬಿಳಿ ತಲೆಯ ಹಿಂದೆ ಕರಿ ಪಟ್ಟಿ ಚೊಕ್ಕ ಕಾಣುತ್ತದೆ: ಒಂದು ಈ ಕಣ್ಣಿನಿಂದ ಆ ಕಣ್ಣಿಗೆ ನೆತ್ತಿ ಸುತ್ತಿ ಬಂದದ್ದು, ಅದರ ಕೆಳಗೆ ಇನ್ನೊಂದು ಗಿಡ್ಡದ್ದು. ಹಗಲೆಲ್ಲ ಕೆರೆಯಲ್ಲಿ ತೇಲಿಕೊಂಡಿದ್ದು, ಮೇವಿಗೆ ಸುತ್ತಲಿನ ಹೊಲಕ್ಕೆ ಇಳಿಯುತ್ತವೆ.

ಕಾಕಾನನ್ನೂ ಒಮ್ಮೆ ಕರೆದುಕೊಂಡು ಹೋಗಿ ಹೆಸರಿನ ಅರ್ಥ, ಹಿಮಾಲಯ ದಾಟಿ ಬರುವ ಕಥೆ ಎಲ್ಲ ಬಿಡಿಸಿ ಹೇಳಿದೆ. ಆತ ದುರ್ಬೀನು ಇಳಿಸದೆಯೇ ಅಂದ: “ಇದರಾಗೇನ್ ದೊಡ್ಡಸ್ತನ? ತಲ್ಯಾಗ ಬರೇ ಬಾರ್ ತುಂಬಿಕೊಂಡಾವು ನಮ್ಮೂರಾಗೂ ಅದಾವು. ಹಿಮಾಲಯ ಒತ್ತಟ್ಟಿಗಿರಲಿ, ಮನಿ ಹೊಸ್ತಿಲಾ ದಾಟಾಕನ ಬೆಳಗ ಮಾಡತಾವು.”

ಹಿಮಾಲಯದ ಮಾತು ಬಂದದ್ದು ಒಳ್ಳೆಯದೇ ಆಯಿತು, ಏಕೆಂದರೆ ಅಲ್ಲಿ ಇನ್ನೊಂದು ಬಾರ್ ಕಾದಿದೆ. ಗಾಳಿಯ ಒತ್ತಡ ಅಳೆಯುವ ಮಾನವೂ ಬಾರ್. ಇದು ಅಡ್ಡಗೋಲಿನ ಬಳಗದ್ದಲ್ಲ. ತೂಕ ಎನ್ನುವ ಗ್ರೀಕ್ ಮಾತಿನಿಂದ ಬಂದದ್ದು, ನಮ್ಮ ‘ಗುರುತ್ವ’ಕ್ಕೆ ದೂರದ ದಾಯಾದಿ. ಸಮುದ್ರಮಟ್ಟದಲ್ಲಿ ಗಾಳಿ ಸುಮಾರು ಒಂದು ಬಾರ್ ಒತ್ತುತ್ತದೆ. ಈ ಹೆಬ್ಬಾತುಗಳು 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಅಲ್ಲಿ ಅರ್ಧ ಬಾರೂ ಇಲ್ಲ. ತೆಳುಗಾಳಿಯಲ್ಲೂ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ರಕ್ತ ಅವುಗಳದು. ಎಂದರೆ ತಲೆಯ ಮೇಲೆ ಎರಡು ಬಾರ್ ಇಟ್ಟುಕೊಂಡು ಅರ್ಧ ಬಾರ್‌ಗಿಂತ ಕಡಿಮೆಯಲ್ಲಿ ಹಿಮಾಲಯ ದಾಟಿ ಬರುತ್ತವೆ. ಕಾಕಾನ ಗೆಳೆಯರಿಗೆ ಅರ್ಧದಲ್ಲಿ ಏನೂ ಆಗುವುದಿಲ್ಲ.

ಉಳಿದ ಬಾರ್‌ಗಳು ಚಿಲ್ಲರೆ. ಬಟ್ಟೆ ಒಗೆಯುವ ಬಾರ್ ಸೋಪು, ಸ್ಲ್ಯಾಬಿಗೆ ಹಾಕುವ ಟಿಎಂಟಿ ಬಾರ್, ಗರಡಿಯಲ್ಲಿ ಜೋತುಬೀಳುವ ಸಿಂಗಲ್ ಬಾರ್. 1974ರಲ್ಲಿ ಅಮೆರಿಕದ ಅಂಗಡಿಯೊಂದರಲ್ಲಿ ಚ್ಯೂಯಿಂಗ್ ಗಮ್ಮಿನ ಪೊಟ್ಟಣದಿಂದ ಶುರುವಾದ ಬಾರ್‌ಕೋಡ್ ಈಗ ನಮ್ಮ ಕಿರಾಣಿ ಅಂಗಡಿಯ ಉಪ್ಪಿನ ಪಾಕೀಟಿನ ಮೇಲೂ ಕೂತಿದೆ. ಮೊಬೈಲಿನ ನೆಟ್‌ವರ್ಕ್ ಬಾರ್ ಮಾತ್ರ ನಮ್ಮ ಹೊಲದಲ್ಲಿ ಒಂದರ ಮೇಲೆ ಏರಿದ್ದನ್ನು ನಾನು ಕಂಡಿಲ್ಲ.

ಕೆರೆಯ ಒಡ್ಡಿನ ಮೇಲೆ ಈ ಪುರಾಣವನ್ನೆಲ್ಲ ನಾನು ಬಿಚ್ಚುತ್ತಿದ್ದಾಗ, ಎತ್ತು ಹೊಡೆದುಕೊಂಡು ಹೊರಟಿದ್ದ ಹಿರಿಯರೊಬ್ಬರು ನಿಂತು ಪೂರಾ ಕೇಳಿಸಿಕೊಂಡರು. ಆಮೇಲೆ ಕೈಯಲ್ಲಿದ್ದ ಬಾರಕೋಲನ್ನು ಹೆಗಲಿಗೇರಿಸಿ, “ಇದಕ್ಕ ಒಂದ ಅರ್ಥ ನೋಡ್ರಿ ತಮ್ಮಾ, ಎತ್ತಿಗೂ ತಿಳೀತೈತಿ” ಎಂದು ಹೊರಟೇಬಿಟ್ಟರು.