ಎಮ್ಮಿಗೆ ರವಿವಾರ ಇಲ್ಲ

"ಬೆಂಗಳೂರಾಗ ಎ.ಸಿ. ಒಳಗ ಕೂತು ದುಡಿಯೋ ಹುಡುಗಗ ಎಂಥಾ ಬುದ್ಧಿ ಬಂತು ನೋಡಪಾ! ನೌಕರಿ ಬಿಟ್ಟು ಎಮ್ಮಿ ಕಟ್ಟತಾನಂತ."

ಕಂಪೌಂಡ್ ಗೋಡೆಯ ಆಚೆಯಿಂದ ಪಕ್ಕದ ಮನೆಯ ಕಾಕೂ ಶುರುಮಾಡಿದರು. ಕೈಯಲ್ಲಿ ಕರಿಬೇವಿನ ಟೊಂಗೆ. ಎಲೆ ಬಿಡಿಸುವುದು ನೆಪ. ಎಲೆ ಮುಗಿದರೂ ಮಾತು ಮುಗಿಯುವುದಿಲ್ಲ, ಒಳಗೆ ಒಗ್ಗರಣೆ ಕಾಯುತ್ತಿದ್ದರೂ ಮುಗಿಯುವುದಿಲ್ಲ.

"ಕಂಪ್ಯೂಟರ್ ಮುಂದ ಕೂತ್ರ ನಾನು ನಾನಾಗಿರಂಗಿಲ್ಲಾ ಅಂತಾನ. ಮತ್ತ ಯಾರಾಗಿರತಾನ? ಮೊಬೈಲಿನ್ಯಾಗ ಯಾರೋ ಕೋಟು ಹಾಕ್ಕೊಂಡಾವ ಒಂದೇ ಸವನ ಚೀರತಾನ, ಕನಸು ಕಾಣ್ರಿ, ಧೈರ್ಯ ಮಾಡ್ರಿ ಅಂತ. ಅದನ್ನ ಕೇಳಿ ಕೇಳಿ ಇವಗ ಸ್ಫೂರ್ತಿ ಬಂದದ."

ಕಾಕೂ ಮನೆಯ ಈ ಹುಡುಗ ಹೋದ ಸಲ ಬಂದಾಗ ನನಗೂ ಲ್ಯಾಪ್‌ಟಾಪ್ ತೆರೆದು ತೋರಿಸಿದ್ದ. ಕುಂದಗೋಳದ ಕಡೆ ಇವರದೊಂದಿಷ್ಟು ಹೊಲ ಇದೆ. ಅಲ್ಲಿ ಕೊಟ್ಟಿಗೆ, ಹತ್ತು ಎಮ್ಮೆ, ಇಷ್ಟು ಲೀಟರ್ ಹಾಲು, ಡೇರಿಯ ದರ ಇಷ್ಟು, ಅದರ ಮೇಲೆ ಲೀಟರಿಗೆ ಸರ್ಕಾರದ ಪ್ರೋತ್ಸಾಹಧನ ಇಷ್ಟು. ಎಲ್ಲಾ ಬಣ್ಣಬಣ್ಣದ ಕಾಲಂ. ಎಮ್ಮೆ ಗಬ್ಬ ನಿಂತು ಹಾಲು ಬತ್ತಿಸುವ ತಿಂಗಳುಗಳಿಗೆ ಕಾಲಂ ಇರಲಿಲ್ಲ. ಸಗಣಿಗೂ ಇರಲಿಲ್ಲ. ಕೇಳಿದ್ದಕ್ಕೆ, "ಅದನ್ನ ಆಮೇಲೆ ಸೇರಿಸ್ತೀನಿ ಅಂಕಲ್" ಅಂದಿದ್ದ.

"ಸ್ಫೂರ್ತಿ ಬರೋದು ದೊಡ್ಡ ಮಾತಲ್ಲ ಬಿಡ್ರಿ ಕಾಕೂ," ಅಂದೆ. "ಭೀಮಸೇನ ಜೋಶಿ ಅವರಿಗೆ ಬಂದದ್ದು ಅಬ್ದುಲ್ ಕರೀಂ ಖಾನರ ಒಂದು ಗ್ರಾಮಫೋನ್ ತಟ್ಟಿ ಕೇಳಿ. ಆ ತಟ್ಟಿ ತಿರುಗೋದು ಮೂರು ನಿಮಿಷ, ಹೆಚ್ಚಂದ್ರ ನಾಕು."

ಕಾಕೂಗೆ ಗದಗಿನ ಜೋಶಿ ಮಾಸ್ತರರ ಮಗನ ಕಥೆ ಗೊತ್ತಿಲ್ಲವೆಂದಲ್ಲ. ತುಪ್ಪದ ಜಗಳ ಮಾತ್ರ ಅವರಿಗೆ ಪಕ್ಕಾ ನೆನಪು. ತಾಟಿಗೆ ತುಪ್ಪ ಸಾಲದೆಂದು ತಾಯಿಯ ಮೇಲೆ ಮುನಿದು ಮನೆ ಬಿಟ್ಟ ಹುಡುಗ ಅಂತ. 1933ರ ಮಾತು, ಹುಡುಗನಿಗೆ ಹನ್ನೊಂದು ವರ್ಷ. ಕೈಯಲ್ಲಿ ಕಾಸಿಲ್ಲ, ಟಿಕೀಟಿಲ್ಲ. ರೈಲಿನಲ್ಲಿ ಹಾಡುತ್ತ, ಬೈಸಿಕೊಳ್ಳುತ್ತ ಗ್ವಾಲಿಯರ್ ಮುಟ್ಟಿದ, ಅಲ್ಲಿಂದ ಅಲೆಯುತ್ತ ಜಲಂಧರದವರೆಗೂ ಹೋದ. ಅಲ್ಲಿ ಗಾಯಕ ವಿನಾಯಕರಾವ್ ಪಟವರ್ಧನರು ಅವನನ್ನು ಕಂಡು, ಅಲ್ಲೋ, ನಿಮ್ಮೂರ ಹತ್ತಿರವೇ ಸವಾಯಿ ಗಂಧರ್ವರಿದ್ದಾರಲ್ಲ, ಇಷ್ಟು ದೂರ ಯಾಕೆ ಬಂದೆ ಎಂದರಂತೆ. ಗುರು ಇದ್ದದ್ದು ಕುಂದಗೋಳದಲ್ಲಿ! ಗದಗಿನಿಂದ ಬುತ್ತಿ ಕಟ್ಟಿಕೊಂಡು ಹೊರಟರೆ ಬಿಸಿಲೇರುವುದರೊಳಗೆ ಮುಟ್ಟಬಹುದಾದ ಊರು.

"ಪಂಜಾಬಿಗೆ ಹೋಗಿ ಕುಂದಗೋಳದ ವಿಳಾಸ ತಂದನನ್ನು," ಕಾಕೂ ನಕ್ಕರು. "ನಮ್ಮವಾ ಬೆಂಗಳೂರಿಗೆ ಹೋಗಿ ಅದನ್ನ ತಂದಾನ."

ನನಗೆ ಕುತೂಹಲವಿರುವುದು ಆ ಓಟದ ಬಗ್ಗೆ ಅಲ್ಲ. ಓಡಿಹೋದ ಹುಡುಗರು ಆ ಕಾಲಕ್ಕೂ ಊರಿಗೊಬ್ಬರಿದ್ದರು, ನಾಟಕ ಕಂಪನಿಗಳು ತುಂಬುತ್ತಿದ್ದದ್ದೇ ಅಂಥವರಿಂದ. ಕುಂದಗೋಳದಲ್ಲಿ ಭೀಮಸೇನರು ಮೊದಲು ಮಾಡಿದ್ದು ಗುರುವಿನ ಮನೆಗೆ ನೀರು ಹೊರುವ ಕೆಲಸ. ಆಮೇಲೆ ಪಾಠವೆಂದು ಸಿಕ್ಕದ್ದು ಬೆಳಗಿನ ಜಾವದಿಂದ ಅದೇ ರಾಗ, ಅದೇ ಪಲಟಾ. ಚಪ್ಪಾಳೆ ಹೊಡೆಯುವವರು ಯಾರೂ ಇರಲಿಲ್ಲ. ಕೊಡ ಹೊತ್ತವರೆಲ್ಲ ಭೀಮಸೇನರಾಗಲಿಲ್ಲ ಅನ್ನಿ, ಅದೂ ಖರೆ. ಆದರೆ ಕೊಡ ಹೊರುವಾಗಲೇ ಬೇಸತ್ತವನಿಗೆ ಹಾಡು ಬೇಕಾಗಿರಲಿಲ್ಲ, ಹಾಡುಗಾರನೆಂಬ ಹೆಸರು ಬೇಕಾಗಿತ್ತು ಎಂದೇ ನನ್ನ ಲೆಕ್ಕ.

"ಗಂಗೂಬಾಯಿ ಅವರು?" ಕಾಕೂ ಕೇಳಿದರು. ಹುಬ್ಬಳ್ಳಿಯವರಿಗೆ ಭೀಮಸೇನರ ಮಾತು ಬಂದಲ್ಲಿ ಗಂಗೂಬಾಯಿ ಬಾರದೆ ಹೋದರೆ ಸಮಾಧಾನವಿಲ್ಲ.

ಅವರು ಮನೆ ಬಿಟ್ಟು ಓಡಿಹೋಗಲಿಲ್ಲ, ಓಡುವ ಅನುಕೂಲವೂ ಅವರಿಗಿರಲಿಲ್ಲ. ಮನೆಯ ಭಾರವೆಲ್ಲ ಅವರ ತಲೆಯ ಮೇಲೆ. ಇದೇ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಕಲಿತು, ರೈಲಿಗೇ ತಿರುಗಿ ಬರುತ್ತಿದ್ದರು. ಗುರುಗಳು ಹೇಳಿಕೊಟ್ಟಿದ್ದನ್ನು ಬಿಟ್ಟೂಬಿಡದೆ ತಿದ್ದಿ ತಿದ್ದಿ ಹಾಡುವುದಷ್ಟೇ ಕೆಲಸ. ಸ್ಟೇಷನ್ನಿನವರೆಗೆ ಬಿಟ್ಟುಬರಲು ಹೋಗುತ್ತಿದ್ದ ಹುಡುಗ ಭೀಮಸೇನ ದಾರಿಯುದ್ದಕ್ಕೂ, ಅಕ್ಕಾ, ಇವತ್ತೇನು ಹೇಳಿಕೊಟ್ಟರು ಎಂದು ಕೇಳಿಕೊಂಡು ಅಭ್ಯಾಸ ಮಾಡುತ್ತಿದ್ದನಂತೆ.

"ಅವರ ತಾಯಿ ಅಂಬಾಬಾಯಿ ಭಾಳ ಛಲೋ ಕರ್ನಾಟಕ ಸಂಗೀತ ಹಾಡತಿದ್ರಂತ. ಮಗಳ ಹಿಂದುಸ್ತಾನಿ ಕೆಡಬಾರದಂತ ತಾವು ಹಾಡೋದನ್ನ ಬಿಟ್ರು," ಎಂದೆ.

ಕಾಕೂ ಎಲೆ ಬಿಡಿಸುವುದನ್ನು ನಿಲ್ಲಿಸಿದರು. "ಹಂಗಾರ ಆಕೀ ಕನಸಿಗೆ ಯಾವ ಕೋಟಿನಾವ ಬಂದು ಚೀರಬೇಕಿತ್ತು?"

ನನ್ನಲ್ಲಿ ಉತ್ತರವಿರಲಿಲ್ಲ. ಮಾತು ಬದಲಿಸಲೆಂದು ಕೈಲಾಸಂ ಅವರನ್ನು ಎಳೆತಂದೆ. ಲಂಡನ್ನಿನಲ್ಲಿ ಭೂವಿಜ್ಞಾನ ಕಲಿತು ಬಂದವರು, ಸರ್ಕಾರದ ಭೂವಿಜ್ಞಾನ ಇಲಾಖೆಯ ನೌಕರಿ ಬಿಟ್ಟು ನಾಟಕದ ಹಿಂದೆ ಹೋದರು.

"ಅವರಪ್ಪ ಏನಿದ್ದ?"

"ಜಡ್ಜ್."

"ಬಿಡಬಹುದು," ಅಂದರು ಕಾಕೂ. ವಾದಕ್ಕೆ ಜಾಗವೇ ಉಳಿಯಲಿಲ್ಲ. ನೌಕರಿ ಬಿಟ್ಟವರ ಸಾಹಸ ಹೇಳುವವರು ಅವರ ಹಿಂದೆ ಯಾರ ಸಂಬಳವಿತ್ತು ಎನ್ನುವುದನ್ನೂ ಅದೇ ಉಸಿರಿನಲ್ಲಿ ಹೇಳಿದರೆ, ಕೇಳುವ ಹುಡುಗರಿಗೆ ಸ್ವಲ್ಪ ಉಪಕಾರವಾದೀತು. ಕೋಟಿನವರು ಅದನ್ನು ಹೇಳುವುದಿಲ್ಲ, ಅವರ ಸಂಬಳ ಬರುವುದು ಚೀರುವುದರಿಂದ.

"ಹಂಗಾರ ಬ್ಯಾಡ ಅನ್ನಲ್ಯಾ?"

"ನೌಕರಿ ಈಗೇ ಬಿಡಬ್ಯಾಡ ಅನ್ರಿ. ಹದಿನೈದು ದಿನ ರಜಾ ಹಾಕಿ ಕೊಟ್ಟಿಗಿ ಬಳೀಲಿ. ನಸುಕಿನ್ಯಾಗ ನಾಕಕ್ಕ ಎದ್ದು ಹಿಂಡಲಿ. ಎಮ್ಮಿಗೆ ರವಿವಾರ ಇಲ್ಲ, ಮದುವಿ ಮುಂಜಿವಿ ಇಲ್ಲ, ಮಳಿ ಹಿಡಿದ್ರೂ ಮೈ ತೊಳೀಬೇಕು."

"ಅದನ್ನ ನೀ ಹೇಳಬೇಕಪಾ? ಬಂದು ನಾಕು ದಿನಾತು ಅಂವಾ. ಹೊಲದ ಕಡೆ ಅವರ ದೊಡ್ಡಪ್ಪನ ಮನ್ಯಾಗ ಇದ್ದಾನ. ಎರಡು ಎಮ್ಮಿ ಅದಾವ ಅಲ್ಲಿ."

ಇಷ್ಟು ಹೊತ್ತು ನನ್ನನ್ನು ಭಾಷಣ ಮಾಡಲು ಬಿಟ್ಟು ಈಗ ಹೇಳುತ್ತಿದ್ದಾರೆ!

"ಏನಂತಾನ್ರಿ?"

"ನಿನ್ನೆ ಫೋನ್ ಹಚ್ಚಿದ್ದಾ. ಒಂದು ಎಮ್ಮಿ ಒದ್ದದಂತ, ಮೊಣಕಾಲು ಬಾತದ. ಅಂಗೈ ತುಂಬ ಬೊಬ್ಬಿ ಎದ್ದಾವ."

"ವಾಪಸ್ ಬರತಾನಂತೇನು?"

"ಎಲ್ಲೀದಪಾ! ಗಂಬೂಟು ತಂದುಕೊಡು ಅಂದಾನ, ಒಂಬತ್ತನೇ ನಂಬರಿಂದು. ದುರ್ಗದಬೈಲಿನ್ಯಾಗ ಸಿಗತಾವೇನು?"