ನಿಶ್ಶಬ್ದ ವಾಯು ಮೀಮಾಂಸೆ: ನೇಲ್ ಗನ್ ಪ್ರಕರಣ

ಶಾಸ್ತ್ರಗ್ರಂಥಕ್ಕೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳಿರಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ವಿಷಯ, ಎಫ್ 30 ಎಂಬ ಪುಟ್ಟ ನೇಲ್ ಗನ್ನಿಗೆ ಗದ್ದಲವಿಲ್ಲದೆ ಗಾಳಿ ಒದಗಿಸುವುದು. ಪ್ರಯೋಜನ, ವಾರ್ಡ್‌ರೋಬಿನ ಬೀಡಿಂಗ್ ಪಟ್ಟಿ ಕೂರುವುದು. ಸಂಬಂಧ, ಕೆಳಗಿನ ಮನೆಯವರೊಡನೆ ಇನ್ನೂ ಉಳಿದಿರುವಷ್ಟು. ಅಧಿಕಾರಿ ಯಾರೆಂದರೆ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇಂಟೀರಿಯರ್ ಕೆಲಸ ಹಿಡಿಸಿ, ಲಿಫ್ಟಿನಲ್ಲಿ ತಲೆತಗ್ಗಿಸಿ ಓಡಾಡುತ್ತಿರುವ ಗೃಹಸ್ಥ. ಸ್ವಂತ ಸೈಟಿನಲ್ಲಿ ಒಂಟಿ ಮನೆ ಕಟ್ಟಿಸಿಕೊಂಡವರಿಗೆ ಈ ಗ್ರಂಥದಲ್ಲಿ ಪ್ರವೇಶವಿಲ್ಲ.

ಶಬ್ದ ನಿತ್ಯ ಎಂದರು ಮೀಮಾಂಸಕರು. ಗನ್ನಿಗೆ ಗಾಳಿಯೂಡುವ ಕಂಪ್ರೆಸರ್ ಮೇಲಿನ ಮನೆಗೆ ಬಂದಿಳಿದ ಮೇಲೆ ಈ ಮಾತಿಗೆ ಬೇರೆ ಪ್ರಮಾಣ ಬೇಕಿಲ್ಲ. ಶಬ್ದ ಆಕಾಶದ ಗುಣ ಎಂದ ವೈಶೇಷಿಕರನ್ನು ಮಾತ್ರ ಒಪ್ಪಲಾಗದು. ಪಾಪ, ಅವರು ಫ್ಲಾಟಿನಲ್ಲಿದ್ದವರಲ್ಲ. ಶಬ್ದ ಸ್ಲ್ಯಾಬಿನ ಗುಣ. ಗಾಳಿಯಲ್ಲಿ ಬರುವ ಸದ್ದು ಬಾಗಿಲು ಹಾಕಿದರೆ ತುಸು ತಗ್ಗೀತು. ಕಂಪ್ರೆಸರಿನ ನಡುಕ ಕಾಂಕ್ರೀಟಿಗಿಳಿದು ಕೆಳಮನೆಯ ದೇವರಕೋಣೆಯಲ್ಲೇ ಪ್ರತ್ಯಕ್ಷವಾಗುತ್ತದೆ. ಯಂತ್ರದ ಕಾಲಡಿಗೆ ದಪ್ಪ ರಬ್ಬರ್ ಹಾಸಬೇಕೆಂಬ ವಿಧಿ ಇದರಿಂದ ಹುಟ್ಟಿತು.

ಇನ್ನು ಪೂರ್ವಪಕ್ಷಗಳು. ಬ್ಯಾಟರಿ ಮತದವರದು ಚಾರ್ವಾಕರಿಗಿಂತ ಒಂದು ಕೈ ಮೇಲು. ಪಂಚಭೂತಗಳಲ್ಲಿ ಚಾರ್ವಾಕರು ಆಕಾಶವನ್ನಷ್ಟೇ ಅಲ್ಲಗಳೆದರು, ಇವರು ವಾಯುವೇ ಬೇಡ ಎನ್ನುತ್ತಾರೆ. ವಾದ ಸೊಗಸು, ಗನ್ನಿನ ಬೆಲೆ ಮತ್ತು ಭಾರ ಎರಡೂ ಹೆಚ್ಚು. ಪಂಕ್ಚರ್ ಅಂಗಡಿ ಮತದವರು ಖಾಲಿ ಟ್ಯಾಂಕಿಗೆ ಅಲ್ಲೇ ಗಾಳಿ ತುಂಬಿಸಿ ಹೊತ್ತು ತನ್ನಿ ಎನ್ನುತ್ತಾರೆ. ಮನೆಯಲ್ಲಿ ಪರಮಶಾಂತಿ, ಆದರೆ ಪ್ರತಿ ಕಪಾಟಿಗೂ ಒಂದು ತೀರ್ಥಯಾತ್ರೆ. ಕಾರ್ಬನ್ ಡೈಆಕ್ಸೈಡ್ ಮತಕ್ಕೆ ಕೊಂಚ ಬಲವಿದೆ. ಸಿಲಿಂಡರಿನಲ್ಲಿ ಅದು ದ್ರವವಾಗಿದ್ದು, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 57 ಬಾರ್ ಒತ್ತಡದಲ್ಲಿರುತ್ತದೆ. ರೆಗ್ಯುಲೇಟರಿಲ್ಲದೆ ಗನ್ನಿಗೆ ಜೋಡಿಸುವಂತಿಲ್ಲ, ಮುಚ್ಚಿದ ಕೋಣೆಯಲ್ಲಿ ಸೋರಿದರೆ ಉಸಿರಿಗೇ ಕಂಟಕ. ಆಕ್ಸಿಜನ್ ಸಿಲಿಂಡರ್ ಮಾತ್ರ ಮತವೇ ಅಲ್ಲ: ಗನ್ನಿನೊಳಗಿನ ಎಣ್ಣೆಗೆ ಒತ್ತಡದ ಆಕ್ಸಿಜನ್ ತಗುಲಿದರೆ ಸ್ಫೋಟವಾದೀತು. ಈ ಒಂದು ವಾಕ್ಯದಲ್ಲಿ ಅಣಕವಿಲ್ಲ.

ಸಿದ್ಧಾಂತಕ್ಕೆ ಬರೋಣ. ಗದ್ದಲಕ್ಕೆ ಮುಖ್ಯ ಕಾರಣ ಅವಸರ. ಅಗ್ಗದ ಕಂಪ್ರೆಸರಿನ ಮೋಟಾರು ನಿಮಿಷಕ್ಕೆ ಸುಮಾರು 2800 ಸುತ್ತು ತಿರುಗಿದರೆ, ಆಯಿಲ್‌ಫ್ರೀ ಸೈಲೆಂಟ್ ಜಾತಿಯದು 1400ರ ಆಸುಪಾಸಿನಲ್ಲೇ ತೃಪ್ತಿಪಡುತ್ತದೆ. ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿರುವುದೂ ಇದೇ ಗೋತ್ರ. ಅಲ್ಲಿ ಸದ್ದು ಮಾಡುವ ಹಕ್ಕು ರೋಗಿಗೆ ಮಾತ್ರ. ಡೆಸಿಬೆಲ್ ಲೆಕ್ಕದಲ್ಲಿ 10 ಇಳಿದರೆ ಶಬ್ದದ ಶಕ್ತಿ ಹತ್ತನೇ ಒಂದು ಪಾಲಿಗೆ, ಕಿವಿಗೆ ಕೇಳುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆದರೆ ಬಯಲಲ್ಲಿ ದೂರ ಇಮ್ಮಡಿಯಾದರೆ ತಾನಾಗಿಯೇ 6 ಡೆಸಿಬೆಲ್ ಕಡಿಮೆ. ಹಾಗಾಗಿ ಎಷ್ಟು ದೂರದಿಂದ ಅಳೆದರೆಂದು ಹೇಳದ ಡಬ್ಬದ ಮೇಲಿನ ಅಂಕಿಯನ್ನು ಅಪೌರುಷೇಯವೆಂದೇ ಭಾವಿಸಬೇಕು: ಕರ್ತೃ ಇಲ್ಲ, ಪ್ರಶ್ನಿಸುವಂತಿಲ್ಲ.

ನಿಜವಾದ ಮೌನವಿರುವುದು ಮೋಟಾರಿನಲ್ಲಲ್ಲ, ಟ್ಯಾಂಕಿನಲ್ಲಿ. 24 ಲೀಟರಿನ ಟ್ಯಾಂಕು 8 ಬಾರಿನಿಂದ 6ಕ್ಕೆ ಇಳಿಯುವಷ್ಟರಲ್ಲಿ, ಹೊರಗಿನ ಗಾಳಿಯ ಒತ್ತಡದ ಲೆಕ್ಕದಲ್ಲಿ, 48 ಲೀಟರ್ ಗಾಳಿ ಕೊಡುತ್ತದೆ. ಹೊಡೆತಕ್ಕೊಂದು ಲೀಟರೆಂದು ಧಾರಾಳವಾಗಿ ಹಿಡಿದರೂ 48 ಮೊಳೆ, ಅಷ್ಟು ಹೊತ್ತೂ ಮೋಟಾರು ಮೌನವ್ರತ. ಸ್ಪ್ರೇ ಪೇಂಟಿಂಗಿಗೆ ಇಂಥ ಯಂತ್ರ ಸಾಲದು; ಮೊಳೆಗೆ ಧಾರಾಳ. ದಿನದ ಕೊನೆಗೆ ಟ್ಯಾಂಕಿನ ಅಡಿಯ ಕೊಳಾಯಿ ಬಿಚ್ಚಿ ನೀರು ಬಸಿಯದಿದ್ದರೆ ಒಳಗೇ ತುಕ್ಕು.

ಒಂದು ಆಕ್ಷೇಪ ಉಳಿಯಿತು: ಗನ್ನಿನ ‘ಠಪ್’ಗೆ ಏನು ಗತಿ? ಅದಕ್ಕೆ ಯಾವ ಕಂಪ್ರೆಸರಿನಲ್ಲೂ ಪರಿಹಾರವಿಲ್ಲ, ಹೊತ್ತು ನೋಡಿ ಹೊಡೆಯುವುದೊಂದೇ ದಾರಿ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಹಾಕಿವೆ. ಕೆಳಮನೆಯಲ್ಲಿ ಪರೀಕ್ಷೆಗೆ ಓದುವ ಮಗುವಿದ್ದರೆ ಮಿತಿಯನ್ನು ಮಗುವಿನ ತಾಯಿ ಹಾಕುತ್ತಾರೆ. ಕಂಪ್ರೆಸರನ್ನು ಬಹುಮಟ್ಟಿಗೆ ಬಡಗಿಯೇ ತರುವುದರಿಂದ, ಅದು ಯಾವ ಜಾತಿಯದೆಂದು ಕೊಟೇಶನ್ ಬರೆಸುವಾಗಲೇ ಕೇಳಿ. ಅಡ್ವಾನ್ಸ್ ಕೊಟ್ಟ ಮೇಲೆ ಕೇಳಿದರೆ ಉತ್ತರ ಬರುವುದಿಲ್ಲ.