ಅಳೆದೂ ಸುರಿದೂ ಓಟು ಹಾಕುವವರು

ಅಳೆದೂ ಸುರಿದೂ ಓಟು ಹಾಕುವವರು ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ನಾಲ್ಕು ವರ್ಷಕ್ಕೊಮ್ಮೆ ಕಾಣಿಸಿಕೊಳ್ಳುವ ಒಂದು ವರ್ಗ. ಬೇಸಿಗೆಯಲ್ಲಿ ಎರಡೂ ಪಕ್ಷಗಳ ಸಮಾವೇಶ ಮುಗಿಯುತ್ತಿದ್ದಂತೆ ಶುರುವಾಗುವ ಇವರ ನಿಟ್ಟುಸಿರು, ನವೆಂಬರಿನ ಮೊದಲ ಸೋಮವಾರದ ಮರುದಿನ ಮತಗಟ್ಟೆಯ ಬಾಗಿಲಲ್ಲೇ ನಿಲ್ಲುವುದು. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಎಂಬುದನ್ನು ಇವರೂ ಒಪ್ಪುತ್ತಾರೆ. ತಕರಾರೆಲ್ಲ ಯಾವುದು ಕುರುಡು, ಯಾವುದು ಮೆಳ್ಳೆ ಎಂಬಲ್ಲಿ.

ಈ ವರ್ಗದವರು ಎಲ್ಲ ಜನಾಂಗಗಳಲ್ಲೂ ಇದ್ದಾರೆ. ಆದರೆ ನ್ಯೂಜೆರ್ಸಿಯ ಎಡಿಸನ್ ಸುತ್ತಮುತ್ತ ಸಿಗುವ ಕನ್ನಡ ತಳಿಯಲ್ಲಿ ಲಕ್ಷಣಗಳು ಎದ್ದು ಕಾಣುತ್ತವೆ. ತುದಿ ಮುರಿದು ನೋಡದೆ ಒಂದು ಬೆಂಡೆಕಾಯಿಯನ್ನೂ ಚೀಲಕ್ಕೆ ಹಾಕದವರ ಮುಂದೆ ಬಲಿತ ಬೆಂಡೆಕಾಯಿ ಎರಡೇ ಎರಡು ಇಟ್ಟು, ಮುರಿಯದೆ ಒಂದನ್ನು ಆರಿಸಿ ಎಂದರೆ ಏನಾಗಬೇಕೋ ಅದೇ ಆಗುತ್ತದೆ.

2016 ಇವರ ಸುಗ್ಗಿಯ ವರ್ಷ. ಹಿಲರಿ ಕ್ಲಿಂಟನ್, ಡೊನಾಲ್ಡ್ ಟ್ರಂಪ್ ಇಬ್ಬರನ್ನೂ ಒಲ್ಲೆವೆಂದವರ ಸಂಖ್ಯೆ ಸಮೀಕ್ಷೆಗಳ ಇತಿಹಾಸದಲ್ಲೇ ದಾಖಲೆಯಾಗಿತ್ತು. ಮಾದರಿಯಾಗಿ ಒಬ್ಬರನ್ನು ನೋಡಬಹುದು: ಹುಟ್ಟೂರು ತಿಪಟೂರು ಕಡೆ, ಕೆಲಸ ಸಾಫ್ಟ್‌ವೇರ್, ಪೌರತ್ವ ಪಡೆದ ಮೇಲೆ ಮೊದಲ ಚುನಾವಣೆ. ಇವರ ಸಾಧನ ಒಂದು ಎಕ್ಸೆಲ್ ಹಾಳೆ. ತೆರಿಗೆ, ವೀಸಾ, ಆರೋಗ್ಯ ವಿಮೆ, ಪಾಕಿಸ್ತಾನ, ಮಾತಿನ ಮರ್ಯಾದೆ ಎಂದು ಸಾಲುಗಳು. ಅಂಕಗಳೆಲ್ಲ ಸೊನ್ನೆಯಿಂದ ಕೆಳಕ್ಕೆ.

ಹಾಳೆಯನ್ನಾದರೂ ಸಹಿಸಬಹುದು, ಅಭಿಪ್ರಾಯ ಸಂಗ್ರಹವನ್ನಲ್ಲ. ಶನಿವಾರಗಳಲ್ಲಿ ಇವರ ಕಾರಿನಲ್ಲಿ ಬ್ರಿಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಬೇಕಾಗಿ ಬಂದವರಿಗೆ ಅದು ಬಾಯಿಪಾಠ. ಕಾರು 287ನೇ ಹೈವೇ ಏರುತ್ತಿದ್ದಂತೆ ಪ್ರಶ್ನೆ ಬರುತ್ತದೆ: “ಅಲ್ಲಾ ಸಾರ್, ನೀವಾಗಿದ್ರೆ ಯಾರಿಗೆ ಹಾಕ್ತಿದ್ರಿ?” ಪಕ್ಕದಲ್ಲಿ ಕುಳಿತವನು ಹಿಲರಿ ಎಂದರೆ ಖಾಸಗಿ ಸರ್ವರಿನ ಇಮೇಲ್ ಪುರಾಣ ದೇವಸ್ಥಾನದ ಪಾರ್ಕಿಂಗಿನವರೆಗೂ ನಡೆಯುತ್ತದೆ. ಜಾಣನಾಗಿ ಮರುವಾರ ಟ್ರಂಪ್ ಎಂದರೆ, ತೋರಿಸದ ತೆರಿಗೆ ಲೆಕ್ಕ ಮತ್ತು ಅಟ್ಲಾಂಟಿಕ್ ಸಿಟಿಯಲ್ಲಿ ದಿವಾಳಿ ಎದ್ದ ಕ್ಯಾಸಿನೊಗಳು. ಮೂರನೇ ವಾರ ಲಿಬರ್ಟೇರಿಯನ್ ಪಕ್ಷದ ಗ್ಯಾರಿ ಜಾನ್ಸನ್ ಹೆಸರೆತ್ತಿದರೆ, “ಅಲೆಪ್ಪೊ ಅಂದ್ರೆ ಏನು ಅಂತ ಟೀವೀಲಿ ಕೇಳಿದ ಪುಣ್ಯಾತ್ಮನಿಗಾ?” ನಾಲ್ಕನೇ ವಾರ ಬಾಯಿ ಮುಚ್ಚಿಕೊಂಡು ಕೂತರೆ, “ನಿಮ್ಮಂಥೋರು ಹೀಗೆ ಸುಮ್ಮನಿರೋದಕ್ಕೇ ದೇಶ ಹೀಗಾಗಿರೋದು.” ಪಕ್ಕದಲ್ಲಿ ಕುಳಿತವನದು ಗ್ರೀನ್ ಕಾರ್ಡ್, ಓಟೇ ಇಲ್ಲ. ಇದ್ದಿದ್ದರೆ ನಾಲ್ಕು ವಾರಕ್ಕೆ ಮೂರು ಪಕ್ಷ ಬದಲಿಸಿದವನು ಅವನೇ ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ಹೊರಗಿನ ಘಟನೆಗಳು ಇವರ ಮೇಲೆ ಬಲವಾಗಿ ಪರಿಣಾಮ ಬೀರುತ್ತವೆ. ಅಕ್ಟೋಬರ್ 15ರಂದು ಟ್ರಂಪ್ ಎಡಿಸನ್‌ಗೇ ಬಂದು ಹಿಂದೂಗಳ ಸಭೆಯಲ್ಲಿ ದೀಪ ಹಚ್ಚಿದಾಗ, ಅಲ್ಲಿನ ಬಾಲಿವುಡ್ ಕುಣಿತ ನೋಡಲೆಂದೇ ಹೋಗಿದ್ದ ಮಾದರಿಯ ಹಾಳೆಯಲ್ಲಿ ಅಂಕಗಳು ಅದಲುಬದಲಾದವು. ವಾರದೊಳಗೆ ಮೊದಲಿನಂತಾದವು. 28ರಂದು, ಮನೆಯಲ್ಲಿ ನೀರು ತುಂಬುವ ಹಬ್ಬದ ಸಂಭ್ರಮದ ನಡುವೆ, ಎಫ್‌ಬಿಐ ಮುಖ್ಯಸ್ಥ ಜೇಮ್ಸ್ ಕೋಮಿ ಹೊಸದಾಗಿ ಸಿಕ್ಕ ಇಮೇಲ್‌ಗಳ ಬಗ್ಗೆ ಕಾಂಗ್ರೆಸ್ಸಿಗೆ ಪತ್ರ ಬರೆದ ಸುದ್ದಿ ಬಂತು. ಹಂಡೆ ತೊಳೆಯುವುದನ್ನು ಹೆಂಡತಿಗೆ ಬಿಟ್ಟು ಲ್ಯಾಪ್‌ಟಾಪ್ ತೆರೆಯಲಾಯಿತು. ನವೆಂಬರ್ 6ರಂದು ಅದೇ ಕೋಮಿ, ಹಿಲರಿ ಮೇಲೆ ಮೊಕದ್ದಮೆ ಬೇಡವೆಂಬ ಮೊದಲಿನ ತೀರ್ಮಾನ ಬದಲಾಗದು ಎಂದರು. ಮತ್ತೆ ಲ್ಯಾಪ್‌ಟಾಪ್.

ನೆವಾಡಾದ ಮತಪತ್ರದಲ್ಲಿ 1976ರಿಂದ ‘ಇವರಲ್ಲಿ ಯಾರೂ ಬೇಡ’ ಎಂಬ ಸಾಲಿದೆ. ಭಾರತಕ್ಕೂ 2013ರಲ್ಲಿ ನೋಟಾ ಬಂತು. ನ್ಯೂಜೆರ್ಸಿಯಲ್ಲಿ ಆ ಸೌಕರ್ಯವಿಲ್ಲ. ಇದಕ್ಕಿಂತ ಕ್ರೂರ ಸಂಗತಿ ಬೇರೆಯೇ ಇದೆ. ಅಧ್ಯಕ್ಷರನ್ನು ಆರಿಸುವುದು 538 ಎಲೆಕ್ಟರ್‌ಗಳು, ಬಹುಮತಕ್ಕೆ 270 ಬೇಕು. ಬಹುತೇಕ ರಾಜ್ಯಗಳಲ್ಲಿ ಗೆದ್ದವರಿಗೇ ಅಷ್ಟೂ ಎಲೆಕ್ಟರ್‌ಗಳು. ನ್ಯೂಜೆರ್ಸಿಯ ಎಲೆಕ್ಟರ್ ಮತಗಳು 1992ರಿಂದ ಒಮ್ಮೆಯೂ ತಪ್ಪದೆ ಡೆಮಾಕ್ರಟಿಕ್ ಪಕ್ಷಕ್ಕೇ ಹೋಗಿವೆ. ಅಂದರೆ ಮೂರು ತಿಂಗಳ ತೂಕವೆಲ್ಲ ಯಾರೂ ಕೊಳ್ಳದ ಸರಕಿಗೆ. ಡೆಲವೇರ್ ಹೊಳೆಯ ಆಚೆ ಪೆನ್ಸಿಲ್ವೇನಿಯಾದಲ್ಲಿ ಆ ವರ್ಷ ಫಲಿತಾಂಶ ನಿರ್ಧಾರವಾದದ್ದು ಸುಮಾರು 44,000 ಮತಗಳ ಅಂತರದಲ್ಲಿ. ಅಲ್ಲಿರುವ ಮಾದರಿಯ ಭಾವಮೈದ ಆಫೀಸಿಗೆ ಹೋಗುವ ದಾರಿಯಲ್ಲಿ, ಕಾಫಿ ಆರುವುದರೊಳಗೆ ಓಟು ಹಾಕಿ ಬಂದಿದ್ದ.

ನವೆಂಬರ್ 8ರ ಬೆಳಿಗ್ಗೆ ಮಾದರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಣೆಗೆ ಕುಂಕುಮವಿಟ್ಟು ಶಾಲೆಯ ಮತಗಟ್ಟೆಯಲ್ಲಿ ಸಾಲು ನಿಂತರು. ಯಂತ್ರದ ಮುಂದೆ ಒಂದು ಹೆಸರು ಒತ್ತಿ, ಅಳಿಸಿ, ಇನ್ನೊಂದು ಒತ್ತಿ, ಅದನ್ನೂ ಅಳಿಸಿ ನಿಂತಾಗ ಸಾಲಿನಲ್ಲಿ ಕೆಮ್ಮು ಕೇಳಿಸಿತಂತೆ. ಕೊನೆಗೆ ಯಾರಿಗೆ ಹಾಕಿದರೆಂದು ಹೇಳಲಿಲ್ಲ. ಮೂರು ತಿಂಗಳು ಕಂಡವರ ಓಟು ವಿಚಾರಿಸಿದವರ ಪಾಲಿಗೆ ತಮ್ಮದು ಮಾತ್ರ ಗುಪ್ತ ಮತದಾನ.

ಭಾರತದಲ್ಲಿ ಇಬ್ಬಗೆಯ ಪೌರತ್ವವಿಲ್ಲ. ಅಮೆರಿಕದಲ್ಲಿ ಓಟು ಬಂದ ದಿನವೇ ಅಲ್ಲಿನದು ಹೋಗಿರುತ್ತದೆ. ಇವರ ಎಕ್ಸೆಲ್ ಹಾಳೆಯಲ್ಲಿ ಅದಕ್ಕೊಂದು ಸಾಲು ಇರಲಿಲ್ಲ. ಆ ರಾತ್ರಿ ಎಣಿಕೆ ಶುರುವಾಗುವ ಮುಂಚೆ ಮಾದರಿ ವಿಡಿಯೊ ಕಾಲ್‌ನಲ್ಲಿ ಊರಿನ ತಾಯಿಗೆ ಅಂಗಿಯ ಮೇಲಿನ ‘ನಾನು ಓಟು ಹಾಕಿದೆ’ ಸ್ಟಿಕ್ಕರ್ ತೋರಿಸಿದರು. ತಾಯಿಯದು ಎಲ್ಲ ಚುನಾವಣೆಯಲ್ಲೂ ತಿಂಡಿಗೆ ಮುಂಚೆಯೇ ಓಟು ಹಾಕಿ, ಮೈಸೂರಿನಲ್ಲಿ ತಯಾರಾದ ಅಳಿಸದ ಶಾಯಿಯನ್ನು ವಾರಗಟ್ಟಲೆ ಉಗುರಿನ ಮೇಲೆ ಉಳಿಸಿಕೊಳ್ಳುವ ಕೈ. ಸ್ಟಿಕ್ಕರನ್ನು ಅವರು ಕಣ್ಣು ಕಿರಿದು ಮಾಡಿ ನೋಡಿದರು.

“ಅದಿರ್ಲಿ, ಬೆರಳು ತೋರ್ಸಪ್ಪ.”